ಮೂರು ಪುಟ ತೆಗೀಬೇಕಂತೆ

ಭಾನುವಾರ, 16 ನವೆಂಬರ್ 2025
ಮೈಸೂರು

ನನ್ನ ಕಾದಂಬರಿ 211 ಪುಟಕ್ಕೆ ಬಂದು ನಿಂತಿದೆ. ಪ್ರಕಾಶಕರಿಗೆ 208 ಬೇಕಂತೆ. ಎರಡನೇ ಪ್ರೂಫ್ ಜೊತೆ ಒಂದು ಚೀಟಿ ಇಟ್ಟಿದ್ದರು, ‘ಮೇಡಂ, ದಯವಿಟ್ಟು ಮೂರು ಪುಟ ತೆಗೆದುಕೊಡಿ.’

ಮೂರು ಪುಟಕ್ಕೆ ಇಷ್ಟೊಂದು ಯಾಕೆ ಅಂತ ಫೋನ್ ಮಾಡಿ ಕೇಳಿದೆ. ಲೆಕ್ಕ ಹೇಳಿದರು. ಡೆಮಿ ಅಷ್ಟಮ ಅಳತೆಯಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಒಂದು ಹಾಳೆ, 16 ಪುಟ. 13 ಫಾರಂಗೆ ಸರಿಯಾಗಿ 208. ಮೂರು ಪುಟಕ್ಕೋಸ್ಕರ ಇನ್ನೊಂದು ಫಾರಂ ಹಾಕಿದರೆ 13 ಪುಟ ಖಾಲಿ. ಅರ್ಧ ಫಾರಂ ಹಾಕಿದರೂ ಐದು ಪುಟ ದಂಡ. ಹಾಕುವುದೇ 500 ಪ್ರತಿ. ಕಣ್ಣು ಮುಚ್ಚಿಕೊಂಡು ಸಾವಿರ ಪ್ರತಿ ಹಾಕುತ್ತಿದ್ದ ಕಾಲ ಹೋಯಿತು ಮೇಡಂ ಅಂದರು. ಬೆಲೆ 250 ರೂಪಾಯಿ, ಅದರಲ್ಲಿ ನನಗೆ ಶೇಕಡಾ 10. ಅಷ್ಟೂ ಪ್ರತಿ ಖರ್ಚಾದರೆ 12,500. ದೊಡ್ಡವಳು ಎಸ್ಸೆಸ್ಸೆಲ್ಸಿ, ಲೆಕ್ಕದಲ್ಲಿ ಚುರುಕು. ‘ಅಮ್ಮಾ, ನನ್ನ ಟ್ಯೂಷನ್ ಫೀಸಿಗೂ ಸಾಲಲ್ಲ’ ಅಂದಳು.

ಸಾಲಲ್ಲ, ಗೊತ್ತು.

ಇದು ಮೊದಲು ಪ್ರತಿಲಿಪಿ ಅನ್ನೋ ಕಥೆಗಳ ಆ್ಯಪ್‌ನಲ್ಲಿ ಕಂತು ಕಂತಾಗಿ ಬಂದ ಕಥೆ. ಅಲ್ಲಿ ಬರೆಯುವ ರೀತಿಯೇ ಬೇರೆ. ಪ್ರತಿ ಕಂತೂ ಒಂದು ಕಡೆ ಕೊಕ್ಕೆ ಹಾಕಿ ನಿಲ್ಲಬೇಕು. ಬಾಗಿಲು ಬಡಿದ ಸದ್ದಾಗಬೇಕು, ಇಲ್ಲಾ ಯಾರದೋ ಫೋನ್ ಬರಬೇಕು. ಇಲ್ಲದಿದ್ದರೆ ಓದುಗರು ನಾಳೆ ಬರಲ್ಲ. ಒಂದೊಂದೇ ಕಂತು ಓದುವಾಗ ಚೆನ್ನಾಗಿಯೇ ಇರುತ್ತೆ. ಎಲ್ಲಾ ಸೇರಿಸಿ ಪುಸ್ತಕ ಮಾಡೋಕೆ ಕೂತಾಗ ನೋಡಿದರೆ, ನಾಲ್ಕು ಪುಟಕ್ಕೊಂದು ಸಲ ನಾಯಕಿಗೆ ಎದೆ ಝಲ್ ಅನ್ನುತ್ತಿದೆ. ಇಷ್ಟು ಸಲ ಎದೆ ಝಲ್ ಅಂದರೆ ಅವಳನ್ನು ಜಯದೇವಕ್ಕೆ ಕರೆದುಕೊಂಡು ಹೋಗಬೇಕಾಗುತ್ತೆ. ಆ ಕೊಕ್ಕೆಗಳನ್ನೆಲ್ಲ ಬಿಚ್ಚುವುದಕ್ಕೆ ಹಿಡಿದ ಸಮಯ ಕಥೆ ಬರೆಯುವುದಕ್ಕೂ ಹಿಡಿದಿರಲಿಲ್ಲ.

ಎಲ್ಲರೂ ಕೇಳುವುದು ಒಂದೇ, ‘ನಿಮಗೆ ಟೈಮ್ ಹೇಗೆ ಸಿಗುತ್ತೆ?’ ಟೈಮ್ ಸಿಗುತ್ತೆ ಕಣ್ರೀ. ಮನೆ ನಡೆಸುವವರ ದಿನದಲ್ಲಿ ಕಾಯುವ ಹೊತ್ತು ಬೇಕಾದಷ್ಟಿದೆ. ಟ್ಯೂಷನ್ ಗೇಟಿನ ಹತ್ತಿರ, ಡೆಂಟಿಸ್ಟ್ ಹತ್ತಿರ, ಪೇರೆಂಟ್ಸ್ ಮೀಟಿಂಗ್ ಸಾಲಿನಲ್ಲಿ. ನನ್ನ ಅರ್ಧ ಕಾದಂಬರಿ ಕುವೆಂಪುನಗರದ ಒಂದು ಟ್ಯೂಷನ್ ಮನೆಯ ಮುಂದೆ, ಸ್ಕೂಟರ್ ಮೇಲೆ ಕೂತು, ಮೊಬೈಲಿಗೆ ಹೇಳಿ ಬರೆಸಿದ್ದು. ವಾಯ್ಸ್ ಟೈಪಿಂಗ್ ಬಂದ ಮೇಲೆ ಬೆರಳಿಗೆ ಸುಖ, ಮರ್ಯಾದೆಗೆ ಕಷ್ಟ. ‘ನೀವಿಲ್ಲದೆ ನನಗೆ ಈ ಊರೇ ಬೇಡ’ ಅಂತ ಫೋನಿಗೆ ಹೇಳಿ, ‘ಪೂರ್ಣವಿರಾಮ’ ಅಂದೆ. ಪಕ್ಕದ ಗೇಟಿನಲ್ಲಿ ಹೂ ಕೀಳುತ್ತಿದ್ದ ತಾತ ಕೈ ಹಾಗೇ ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲಿಂದ ಅವರು ನನ್ನನ್ನು ಕಂಡರೆ ಒಂಥರಾ ಮರುಕದಿಂದ ನಗುತ್ತಾರೆ.

ಸಿಗದೇ ಇರೋದು ಮುಖ ಮುಚ್ಚಿಕೊಳ್ಳೋಕೆ ಒಂದು ಜಾಗ. ಪ್ರೇಮದ ದೃಶ್ಯ ಬರೆಯುವಾಗ ಅದು ಮುಖದ ಮೇಲೂ ಬರುತ್ತೆ. ಚಿಕ್ಕವನು ಹೋಂವರ್ಕ್ ಬಿಟ್ಟು, ‘ಯಾಕಮ್ಮಾ ನಗ್ತಿದೀಯ?’ ಅನ್ನುತ್ತಾನೆ. ಏನಂತ ಹೇಳೋದು? ಮಗ್ಗಿ ಮುಗಿಸು ಅಂತ ಗದರಿದ್ದೇನೆ.

ನಮ್ಮ ಕಥೆಯ ನಾಯಕ ಲೈನ್‌ಮ್ಯಾನ್. ಇದಕ್ಕೂ ತಕರಾರು ಬಂತು. ಮೊದಲು ತೋರಿಸಿದ ಇನ್ನೊಬ್ಬ ಪ್ರಕಾಶಕರು, ‘ಚಿಕ್ಕಮಗಳೂರಲ್ಲಿ ಕಾಫಿ ತೋಟ ಇರೋ ಹುಡುಗ ಆದರೆ ಓಡುತ್ತೆ ಮೇಡಂ’ ಅಂದಿದ್ದರು. ಕಾಫಿ ತೋಟದ ಹುಡುಗರು ನಮ್ಮ ಕಾದಂಬರಿಗಳಲ್ಲಿ ಎಷ್ಟು ಜನ ಇದ್ದಾರೆ ಅಂದರೆ, ಅಷ್ಟು ತೋಟ ಆ ಜಿಲ್ಲೆಯಲ್ಲಿ ಇರಲಾರದು. ನಾನು ಒಪ್ಪಲಿಲ್ಲ.

ಲೈನ್‌ಮ್ಯಾನ್ ಯಾಕೆ ಅಂದರೆ, ತಮ್ಮನ ಸ್ನೇಹಿತನೊಬ್ಬ ನಂಜನಗೂಡು ಕಡೆ ಪವರ್‌ಮ್ಯಾನ್, ಅಂದರೆ ಲೈನ್‌ಮ್ಯಾನೇ. ಮನೆಗೆ ಬಂದಾಗೆಲ್ಲ ಅವನ ಕೆಲಸದ ಮಾತು ಕೇಳಿ ಕೇಳಿ ನನಗೆ ಹುಚ್ಚು ಹಿಡಿಯಿತು. ಆ ಕೆಲಸಕ್ಕೆ ಸೇರಬೇಕಾದರೆ ಎಂಟು ಮೀಟರ್ ಕಂಬ ಹತ್ತಿ ತೋರಿಸಬೇಕು. ಸೇರಿದ ಮೇಲೆ ಕಂಬ ಹತ್ತೋಕೆ ಮುಂಚೆ ಸಬ್‌ಸ್ಟೇಷನ್‌ನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳಬೇಕು. ಅಂದರೆ ಆ ಲೈನಿಗೆ ಕರೆಂಟ್ ನಿಲ್ಲಿಸಿದ್ದಾರೆ, ನೀವು ಹೇಳೋವರೆಗೂ ಬಿಡಲ್ಲ ಅಂತ ಖಾತ್ರಿ. ಎಲ್‌ಸಿ ತಗೊಂಡವರೇ ಅದನ್ನು ವಾಪಸ್ ಕೊಡಬೇಕು. ಅದು ಸಿಕ್ಕಿದ ಮೇಲೂ ಸುಮ್ನೆ ಕೈ ಇಡುವಂತಿಲ್ಲ, ಲೈನನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಹಾಕಬೇಕು. ಯಾರದೋ ಮನೆಯ ಜನರೇಟರ್‌ನಿಂದ ಕರೆಂಟ್ ಹಿಂದಕ್ಕೆ ಹರಿದು ಬಂದು ಜೀವ ಹೋಗಿರೋದುಂಟು.

ನಮ್ಮ ನಾಯಕಿ ಅಂಗನವಾಡಿ ಟೀಚರ್. ಮಳೆಗಾಲದಲ್ಲಿ ಅಂಗನವಾಡಿ ಮುಂದಿನ ಟ್ರಾನ್ಸ್‌ಫಾರ್ಮರ್ ಸುಟ್ಟು, ಅವನು ರಿಪೇರಿಗೆ ಬರುತ್ತಾನೆ. ಅವಳ ಅಪ್ಪ ಹೋಗಿದ್ದೂ ಕರೆಂಟ್ ಹೊಡೆದೇ. ಅದನ್ನು ಅವಳು ಯಾರಿಗೂ ಹೇಳಲ್ಲ. ಅವನು ಕಂಬಕ್ಕೆ ಕಾಲಿಡುವಾಗ ಕಿಟಕಿಯಿಂದಲೇ, ‘ಎಲ್‌ಸಿ ತಗೊಂಡ್ರಾ?’ ಅಂತ ಕೇಳುತ್ತಾಳೆ. ಸಾಮಾನ್ಯ ಜನಕ್ಕೆ ಆ ಮಾತೇ ಗೊತ್ತಿರಲ್ಲ. ಅವನು ತಿರುಗಿ ನೋಡುತ್ತಾನೆ. ಅಷ್ಟೇ. ಪ್ರೇಮ ಅಲ್ಲಿಂದ ಶುರು. ಆಮೇಲೆ ಎಲ್ಲೇ ಸಿಕ್ಕಲಿ, ಸಂತೆಯಲ್ಲಾಗಲಿ ಬಸ್‌ಸ್ಟ್ಯಾಂಡಿನಲ್ಲಾಗಲಿ, ಅವಳು ಕೇಳುವುದು ಅದನ್ನೇ. ಐ ಲವ್ ಯೂ ಅನ್ನೋದು ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ. ಇಂಥದ್ದು ನನಗೆ ಹೊಳೆದದ್ದು ಏಕಾಂತದಲ್ಲಿ ಕೂತಾಗಲ್ಲ. ಇವರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಗೆ ನೈಟ್ ಶಿಫ್ಟ್ ಹೊರಟಾಗ, ‘ಸ್ವೆಟರ್ ಇಟ್ಕೊಂಡ್ರಾ’ ಅಂತ ಬಾಗಿಲ ತನಕ ಹೋಗಿ ಕೇಳಿ ಕೇಳಿ ರೂಢಿಯಾಗಿದೆಯಲ್ಲ, ಅದರಿಂದ.

ಹಾಗಂತ ನಾಯಕ ಇವರೇ ಅಂತಲ್ಲ. ಮೊನ್ನೆ ಮದುವೆ ಮನೆಯಲ್ಲಿ ಇವರ ಚಿಕ್ಕಪ್ಪ ಊಟದ ಪಂಕ್ತಿಯಲ್ಲೇ, ‘ಏನಪ್ಪಾ ಹೀರೋ!’ ಅಂತ ಬೆನ್ನು ತಟ್ಟಿದರು. ಇವರು ಪಾಯಸ ಹಾಕಿಸಿಕೊಳ್ಳುತ್ತಾ, ‘ನಾನು ಟ್ಯೂಬ್‌ಲೈಟ್ ಹಾಕೋಕೂ ಎಲೆಕ್ಟ್ರಿಷಿಯನ್ ಕರೀತೀನಿ ಚಿಕ್ಕಪ್ಪ, ನಾನೆಲ್ಲಿ ಲೈನ್‌ಮ್ಯಾನ್’ ಅಂದುಬಿಟ್ಟರು. ಕೊಲೆ ಕಥೆ ಬರೆಯುವವರನ್ನು ಯಾರೂ ಹೀಗೆ ವಿಚಾರಿಸಲ್ಲ, ಅಲ್ವಾ?

ಈ ಲೈನ್‌ಮ್ಯಾನ್ ಪ್ರೂಫಿನಲ್ಲೂ ಸತಾಯಿಸುತ್ತಿದ್ದಾನೆ. ಮೊಬೈಲಿನಲ್ಲಿ ಬರೆದದ್ದು ಯೂನಿಕೋಡ್. ಡಿಟಿಪಿಯವರು ಅದನ್ನು ‘ನುಡಿ’ ಅನ್ನೋ ಫಾಂಟಿಗೆ ಬದಲಾಯಿಸಿಕೊಂಡು ಪುಟ ಕಟ್ಟುತ್ತಾರೆ. ಯೂನಿಕೋಡ್‌ನಲ್ಲಿ ‘ನ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತೆ, ಮುಂದಿನ ಅಕ್ಷರ ಒತ್ತಾಗದ ಹಾಗೆ ತಡೆಯೋಕೆ. ಬದಲಾಯಿಸುವಾಗ ಅದು ಉದುರಿ ಹೋಗುತ್ತೆ. ಹೋದ ಕೂಡಲೇ ನ ಕೆಳಗೆ ಮ, ಅದರ ಕೆಳಗೆ ಯ ಜೋತು ಬಿದ್ದು ‘ಲೈನ್ಮ್ಯಾನ್’ ಆಗುತ್ತೆ. ಪುಟ ಪುಟಕ್ಕೂ ಹೀಗೆ. ಮೊದಲ ಪ್ರೂಫಿನಲ್ಲಿ ಕೆಂಪು ಪೆನ್ನಿನಿಂದ ಸುತ್ತಿ ಸುತ್ತಿ ಕೈ ಸೋತಿತು. ಎರಡನೆಯದರಲ್ಲಿ ಸುಮಾರು ಸರಿ ಮಾಡಿದ್ದಾರೆ. ಸಬ್‌ಸ್ಟೇಷನ್ ಮಾತ್ರ ಇನ್ನೂ ಕೆಟ್ಟೇ ಕೂತಿದೆ.

ಪ್ರೂಫ್ ನೋಡುವುದಕ್ಕೆ ನನ್ನ ಜೊತೆಗಾತಿ ಅತ್ತೆ. ಅವರು ಗಟ್ಟಿಯಾಗಿ ಓದುತ್ತಾರೆ, ನಾನು ಮೂಲ ಇಟ್ಟುಕೊಂಡು ತಿದ್ದುತ್ತೇನೆ. ಅವರ ಓದು ಇಂದು ನಿನ್ನೆಯದಲ್ಲ. ‘ಸುಧಾ’ ವಾರಪತ್ರಿಕೆ ಶುರುವಾದ 1965ರಲ್ಲಿ ಅವರಿಗೆ ಹದಿನಾಲ್ಕು ವರ್ಷ. ಕೆ.ಆರ್. ನಗರದಲ್ಲಿ ತವರು. ಧಾರಾವಾಹಿ ಪುಟಗಳನ್ನು ವಾರ ವಾರ ಬಿಡಿಸಿಟ್ಟು, ಮುಗಿದ ಮೇಲೆ ಬೈಂಡ್ ಮಾಡಿಸುತ್ತಿದ್ದರಂತೆ. ಅದರಲ್ಲಿ ಒಂದು ಇನ್ನೂ ಅವರ ಟ್ರಂಕಿನಲ್ಲಿದೆ. ಕಂದು ರಟ್ಟು, ದಪ್ಪ ದಾರದ ಹೊಲಿಗೆ, ಪಿನ್ನು ಕಿತ್ತ ತೂತಿನ ಸುತ್ತ ತುಕ್ಕಿನ ಕಲೆ. ನಾಯಕಿ ಅಳುವ ಪುಟದ ಹಿಂದೆ ಅರ್ಧ ಸೋಪಿನ ಜಾಹೀರಾತು. ಮಧ್ಯೆ ಒಂದು ವಾರದ್ದು ಇಲ್ಲ. ಯಾರೋ ಓದೋಕೆ ಇಸಕೊಂಡು ಹೋಗಿ ಕೊಡಲಿಲ್ಲ. ಆ ಜಾಗದಲ್ಲಿ ಕಾಪಿ ಪುಸ್ತಕದ ಹಾಳೆ ಹೊಲಿದಿದ್ದಾರೆ, ಪಕ್ಕದ ಮನೆ ಗೆಳತಿ ಬಾಯಲ್ಲಿ ಹೇಳಿದ ಕಥೆಯನ್ನು ಮಸಿ ಪೆನ್ನಿನಲ್ಲಿ ಅವರೇ ಬರೆದು. ಮುತ್ತಿನಂಥ ಅಕ್ಷರ. ಮಾತುಕತೆ ಎಲ್ಲಾ ಉದ್ಧರಣ ಚಿಹ್ನೆ ಹಾಕಿ ಬರೆದಿದ್ದಾರೆ. ಗೆಳತಿ ಅಷ್ಟು ವಿವರವಾಗಿ ಹೇಳಿರೋಕೆ ಸಾಧ್ಯವೇ ಇಲ್ಲ, ಮುಕ್ಕಾಲು ಅತ್ತೆಯದೇ. ಕೇಳಿದರೆ, ‘ಸುಮ್ನಿರೇ, ಹುಡುಗಾಟ ಅದು’ ಅನ್ನುತ್ತಾರೆ.

ಹೊಸಬರ ಚೊಚ್ಚಲ ಪುಸ್ತಕಕ್ಕೆ ಸಹಾಯಧನ ಕೊಡುವ ಒಂದು ಯೋಜನೆ ಇದೆ. ವಯಸ್ಸು 18ರಿಂದ 40ರ ಒಳಗಿರಬೇಕು. ನನಗೆ ನಲವತ್ಮೂರು. ಮಕ್ಕಳು ತಾವೇ ಜಡೆ ಹಾಕಿಕೊಳ್ಳುವಷ್ಟು, ತಾವೇ ಶೂ ಕಟ್ಟಿಕೊಳ್ಳುವಷ್ಟು ಆಗುವ ಹೊತ್ತಿಗೆ ಹೆಂಗಸರಿಗೆ ನಲವತ್ತು ದಾಟಿರುತ್ತೆ. ಯುವಕರಿಗೆ ಕೊಡಲಿ, ಬೇಡ ಅನ್ನಲ್ಲ. ಆದರೆ ಚೊಚ್ಚಲ ಅನ್ನೋದು ಪುಸ್ತಕಕ್ಕೋ ವಯಸ್ಸಿಗೋ? ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಈ ನಿಯಮದ ಪ್ರಕಾರ ಅವರೂ ಹೊರಗೇ. ಅದೇ 1963ರಲ್ಲಿ ನಮ್ಮೂರಿನ ತ್ರಿವೇಣಿಯವರು ಹೆರಿಗೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡರು, ಇನ್ನೂ ಮೂವತ್ತೈದು ತುಂಬಿರಲಿಲ್ಲ. ಅಷ್ಟರಲ್ಲೇ ಇಪ್ಪತ್ತರ ಹತ್ತಿರ ಕಾದಂಬರಿ ಬರೆದಿದ್ದರು. ಚಾಮರಾಜಪುರಂನಲ್ಲಿ ಅವರ ಮನೆಯನ್ನು ಈಗ ಮ್ಯೂಸಿಯಂ ಮಾಡಿದ್ದಾರೆ. ಒಬ್ಬರು ಮುಗಿಸಿದ ವರ್ಷ ಇನ್ನೊಬ್ಬರು ಶುರು ಮಾಡಿದರು. ಇದನ್ನು ಅತ್ತೆಗೆ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, ‘ನೀನು ಪ್ರೂಫ್ ನೋಡು’ ಅಂದರು.

ಇವತ್ತು ಮಧ್ಯಾಹ್ನ ಊಟ ಆದ ಮೇಲೆ ಮೂರು ಪುಟದ ಪಂಚಾಯ್ತಿ. ದೊಡ್ಡವಳು ಅಂಗನವಾಡಿ ಮಕ್ಕಳಿಗೆ ಮೊಟ್ಟೆ ಹಂಚುವ ಭಾಗ ಬೋರು, ತೆಗಿ ಅಂದಳು. ಮೊಟ್ಟೆ ಲೆಕ್ಕ ತಪ್ಪಿ ನಾಯಕಿಗೆ ಮೆಮೊ ಬರುವುದು ಅಲ್ಲಿಂದಲೇ, ಹೇಗೆ ತೆಗೀಲಿ? ಇವರು ಅರ್ಧ ನಿದ್ದೆಯಲ್ಲಿ, ಅಕ್ಷರ ಸಣ್ಣ ಮಾಡಿಬಿಡಿ ಅಂದರು. ನನ್ನ ಮನಸ್ಸಿನಲ್ಲಿದ್ದದ್ದು 142ನೇ ಪುಟ. ಪುಸ್ತಕದಲ್ಲಿ ಮುತ್ತು ಇರುವುದು ಅದೊಂದು ಕಡೆ. ನಿನ್ನೆ ಅತ್ತೆ ಗಟ್ಟಿಯಾಗಿ ಓದುತ್ತಾ ಅಲ್ಲಿಗೆ ಬಂದವರು ಕನ್ನಡಕ ತೆಗೆದು, ‘ಇದನ್ನ ನೀನೇ ನೋಡ್ಕೋ, ನನಗ್ಯಾಕೋ ಮಂಜು ಮಂಜು’ ಅಂತ ಮುಂದಿನ ಪುಟಕ್ಕೆ ಹೋಗಿದ್ದರು. ಪಕ್ಕದಲ್ಲಿ ಚಿಕ್ಕವನೂ ಇದ್ದ. ನೆಂಟರಿಷ್ಟರೆಲ್ಲ ಓದುವ ಪುಸ್ತಕ, ಯಾಕೆ ಬೇಕು ಇದೆಲ್ಲಾ ಅನ್ನಿಸಿತ್ತು. ‘142 ತೆಗೆದುಬಿಡ್ತೀನಿ’ ಅಂದೆ.

‘ಅದ್ಯಾಕೆ ತೆಗೀತೀಯ?’ ಅಂದರು ಅತ್ತೆ. ‘ಅಷ್ಟು ದಿನ ಕಾಯಿಸಿದೀಯ ಆ ಹುಡುಗನ್ನ. ಅದು ಇರಲಿ. ಆ ಸೋದರಮಾವ ಪಂಚಾಯ್ತಿ ಕಟ್ಟೆ ಮೇಲೆ ನಿಂತು ಭಾಷಣ ಮಾಡ್ತಾನಲ್ಲ, ಅವನನ್ನ ಕೂರಿಸು. ಎರಡು ಪುಟ ಉಳಿಯತ್ತೆ. ಮೊದಲಿನ ಮಳೆನೂ ಜಾಸ್ತಿ ಆಯ್ತು.’

ನೋಡಿದರೆ 142ನೇ ಪುಟದಲ್ಲಿ ಪೆನ್ಸಿಲ್ ಗುರುತು. ‘ತುಟಿ’ ಇದ್ದ ಸಾಲಿನಲ್ಲಿ ಒಂದು ಒತ್ತು ಬಿಟ್ಟು ಹೋಗಿತ್ತು, ಹಾಕಿದ್ದಾರೆ.

ಸೋದರಮಾವನ ಭಾಷಣ ನಾಲ್ಕು ಸಾಲಿಗೆ ಇಳಿಯಿತು. ಮಳೆ ಅರ್ಧಕ್ಕೆ ನಿಂತಿತು. ಕೊನೆಯಲ್ಲಿ ಕೃತಜ್ಞತೆಯ ಪುಟವನ್ನೂ ಚಿಕ್ಕದು ಮಾಡಿದೆ. ತಮ್ಮನ ಸ್ನೇಹಿತನ ಹೆಸರು ಉಳಿಸಿಕೊಂಡಿದ್ದೇನೆ, ಉಳಿದವರಿಗೆಲ್ಲ ಮನೆಯಲ್ಲೇ ಹೇಳಿದರಾಯಿತು. ದೊಡ್ಡವಳು ಪುಟ ಎಣಿಸಿ 208 ಅಂದಳು.

ಇನ್ನು ಬಾಕಿ ಇರುವುದು ಹಿಂಬದಿಗೆ ಹಾಕುವ ಫೋಟೊ. ಮಂಗಳವಾರದೊಳಗೆ ಕಳಿಸಬೇಕು. ಫೋನ್ ಪೂರ್ತಿ ಹುಡುಕಿದರೂ ನಾನೊಬ್ಬಳೇ ಇರುವ ಫೋಟೊ ಇಲ್ಲ. ಒಂದರಲ್ಲಿ ಚಿಕ್ಕವನ ಮೊಣಕೈ, ಇನ್ನೊಂದರಲ್ಲಿ ಕೇಕು. ಮಿಕ್ಕಿದ್ದೆಲ್ಲ ನಾನೇ ತೆಗೆದದ್ದು, ಅದರಲ್ಲಿ ನಾನೆಲ್ಲಿ ಇರಬೇಕು? ಸಂಜೆ ಇವರು ಟೆರೇಸ್ ಮೇಲೆ ನಿಲ್ಲಿಸಿ ನಾಲ್ಕಾರು ತೆಗೆದರು. ಒಂದು ಪರವಾಗಿಲ್ಲ. ಹಿಂದೆ ಒಣಗಿಹಾಕಿದ ಟವೆಲ್ ಕಾಣುತ್ತೆ, ದೊಡ್ಡವಳು ಕ್ರಾಪ್ ಮಾಡಿಕೊಡ್ತೀನಿ ಅಂದಿದ್ದಾಳೆ, ನಾಳೆ ವಿಜ್ಞಾನದ ಟೆಸ್ಟ್ ಮುಗಿದ ಮೇಲೆ.