ಮೃಗಶಿರ ಮಳೆಗೆ ಮುಂಚೆ: ಮಾರುತಿ 800ರ ತಳದ ಕೆಲಸ, ಮೂರನೇ ವಾರ

ಮೃಗಶಿರ ಹುಟ್ಟುವುದಕ್ಕೆ ಇನ್ನು ಎರಡೇ ವಾರ. ಅಷ್ಟರಲ್ಲಿ ತಳ ಮುಗಿಯಲೇಬೇಕು. ಮೂಡಿಗೆರೆಯಲ್ಲಿ ಮಳೆ ಹಿಡಿಯಿತೆಂದರೆ ಶೆಡ್ಡಿನೊಳಗಿನ ಕಬ್ಬಿಣವೂ ಬೆವರುತ್ತದೆ, ಪ್ರೈಮರ್ ಕಚ್ಚುವುದಿಲ್ಲ.

ಈ ವಾರ ಎಡಗಡೆಯ ರನ್ನಿಂಗ್ ಬೋರ್ಡ್, ಅಂದರೆ ಬಾಗಿಲಿನ ಕೆಳಗಿನ ಉದ್ದನೆಯ ಟೊಳ್ಳು ಪಟ್ಟಿ, ಹಿಡಿದೆ. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಹೊಡೆಸಿದ ಕಪ್ಪು ರಬ್ಬರ್ ಕೋಟಿಂಗ್ ನೋಡಲು ಚೆನ್ನಾಗಿಯೇ ಇತ್ತು. ಸ್ಕ್ರೂಡ್ರೈವರಿನ ಹಿಡಿಯಲ್ಲಿ ತಟ್ಟುತ್ತಾ ಹೋದೆ. ಟಣ್ ಟಣ್ ಅನ್ನುತ್ತಿದ್ದದ್ದು ಹಿಂದಿನ ಚಕ್ರದ ಹತ್ತಿರ ಡಬ್ ಅಂದಿತು. ತುದಿ ಹಾಕಿ ಮೀಟಿದರೆ ಕೋಟಿಂಗ್ ಹಪ್ಪಳದ ಹಾಗೆ ಎದ್ದು ಬಂತು. ಅದರ ಹಿಂದೆ ಪದರ ಪದರ ತುಕ್ಕು, ಇನ್ನೂ ಒದ್ದೆ. ಮಳೆ ಬಿದ್ದು ನಾಲ್ಕು ದಿನವಾಗಿತ್ತು!

ಕೋಟಿಂಗ್ ಹೊಡೆಯುವಾಗ ನೀರು ಇಳಿಯುವ ತೂತುಗಳನ್ನೂ ಸೇರಿಸಿ ಮುಚ್ಚಿಬಿಟ್ಟಿದ್ದರು. ಒಳಗೆ ಸೇರಿದ ನೀರಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಸೈಕಲ್ ಕಡ್ಡಿ ಹಾಕಿ ಬಿಡಿಸಿದೆ. ಕೆಂಪು ಕೆಸರು, ಸಿಲ್ವರ್ ಓಕ್ ಎಲೆಯ ಪುಡಿ, ಆಮೇಲೆ ಹನಿ ಹನಿಯಾಗಿ ಕಂದು ನೀರು. ನೋಡಿ ಹೊಟ್ಟೆ ಉರಿಯಿತು.

ರೂಪಾಯಿ ನಾಣ್ಯದಷ್ಟು ಜಾಗ ಪೂರ್ತಿ ತಿಂದುಹೋಗಿದೆ. ಅಲ್ಲಿಗೆ ಪುಟ್ಟಿ ಮೆತ್ತುವುದು ಬೇಡ, ಅದು ನೀರು ಹೀರುತ್ತದೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಟಿಂಕರಿಂಗ್‌ನವರಿಂದ ಪ್ಯಾಚ್ ವೆಲ್ಡ್ ಮಾಡಿಸಿದೆ. ಉಳಿದದ್ದನ್ನು ವೈರ್ ಬ್ರಷ್, 80 ನಂಬರಿನ ಉಪ್ಪುಕಾಗದದಲ್ಲಿ ತಿಕ್ಕಿದೆ. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ಕನ್ವರ್ಟರ್ (ತುಕ್ಕನ್ನು ಮಾರ್ಪಡಿಸುವ ದ್ರಾವಣ) ಹಚ್ಚಿದೆ. ಕಂದು ಬಣ್ಣ ಕಪ್ಪಿಗೆ ತಿರುಗಿತು. ತೊಳೆದು, ಚೆನ್ನಾಗಿ ಒಣಗಿಸಿ, ಎರಡು ಕೋಟ್ ಎಪಾಕ್ಸಿ ಪ್ರೈಮರ್. ಟೊಳ್ಳಿನೊಳಗೆ ಉದ್ದ ಪೈಪಿನಲ್ಲಿ ಮೇಣ ಸಿಂಪಡಿಸಿದ್ದು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ವೆಲ್ಡಿಂಗ್ ಬಿಸಿಗೆ ಅದು ಹೊತ್ತಿಕೊಳ್ಳುತ್ತದೆ. ಸಿಂಪಡಿಸುವಾಗ ಮೇಣ ಕಟ್ಟಿಕೊಳ್ಳದಿರಲೆಂದು ನೀರಿನ ತೂತುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿಟ್ಟು, ಆಮೇಲೆ ಕಿತ್ತೆ.

ನಮ್ಮ ಕಡೆ ತುಕ್ಕು ಹಿಡಿಯದಿರಲೆಂದು ತಳಕ್ಕೆ ಹಳೇ ಎಂಜಿನ್ ಆಯಿಲ್ ಬಳಿಯುವವರು ಬಹಳ. ನಾನು ಬಳಿಯುವುದಿಲ್ಲ. ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ, ತೊಟ್ಟಿಕ್ಕಿದ್ದೆಲ್ಲ ತೋಟದ ಮಣ್ಣಿಗೆ.

ಮೇಲಿನ ಪೇಂಟಿಗೆ ಸದ್ಯಕ್ಕೆ ವ್ಯಾಕ್ಸ್ ಅಷ್ಟೇ. ಬಾನೆಟ್ ಮೇಲೆ ಹಕ್ಕಿ ಹಿಕ್ಕೆ ಬಿದ್ದರೆ ಒಣಗುವ ಮುಂಚೆ ನೀರು ಹಾಕಿ ನೆನೆಸಿ ತೆಗೆಯುತ್ತೇನೆ, ಒಣಗಿದ್ದನ್ನು ಉಜ್ಜುವುದಿಲ್ಲ.

ಬಾಗಿಲಿನ ಅಡಿಯ ತೂತುಗಳೂ ಮುಚ್ಚಿದ್ದವು, ಬಿಡಿಸಿದೆ. ಸಂಜೆ ಗಾಜಿನ ಪಟ್ಟಿಯ ಮೇಲೆ ಒಂದು ಚೊಂಬು ನೀರು ಹೊಯ್ದೆ. ಕ್ಷಣದಲ್ಲಿ ಕೆಳಗಿನಿಂದ ಜಿಟಿಜಿಟಿ ಇಳಿಯಿತು. ಅಪ್ಪ ಬಗ್ಗಿ ನೋಡಿ, "ಬಲಗಡೇದೂ ಹಿಂಗೇ ಆಗಿರತ್ತೆ ಮಗಾ" ಅಂದರು. ಭಾನುವಾರ ಅದನ್ನು ಬಿಚ್ಚುತ್ತೇನೆ.