ಲೀಶ್‌ಮನ್ ಸ್ಟೇನ್ ಸರಿಹೋಯಿತು: ಕಳ್ಳ ಇದ್ದದ್ದು ಬಫರ್ ಉಪ್ಪಿನಲ್ಲಿ

ಒಂದೇ ಕಣದಲ್ಲಿ ನೇರಳೆ ನ್ಯೂಕ್ಲಿಯಸ್, ಅದರ ಸುತ್ತ ಕಿತ್ತಳೆ ಕಾಳುಗಳು. ಎರಡೂ ಒಟ್ಟಿಗೆ ಬಂದವು! ಲೀಶ್‌ಮನ್ ಸ್ಟೇನ್ (ಮೈಕ್ರೋಸ್ಕೋಪಿನಲ್ಲಿ ರಕ್ತಕಣಗಳನ್ನು ಗುರುತಿಸಲು ಹಾಕುವ ಬಣ್ಣ) ಜೊತೆ ಗುದ್ದಾಡಿದವರಿಗೆ ಇಷ್ಟು ಹೇಳಿದರೆ ಸಾಕು. ಆದರೂ ಪೂರ್ತಿ ಬರೆಯುತ್ತೇನೆ. ಯಾಕಂದ್ರೆ ಮೈಸೂರು, ಮಂಡ್ಯ ಕಡೆ ಸ್ಲೈಡ್ ಮಾಡುವವರಿಗೆ ಇದೇ ತೊಂದರೆ ಬರುವ ಸಾಧ್ಯತೆ ಜಾಸ್ತಿ.

ಗುರಿ ಏನು ಅನ್ನೋದನ್ನು ಹೊಸಬರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಮುಂಚೆ ಬೆರಳಿಂದ ಒಂದು ಹನಿ ರಕ್ತ. ಮೇಲೆ ತಲುಪಿದ ಕೂಡಲೇ ಒಂದು ಹನಿ. ಒಂದೆರಡು ಗಂಟೆ ಬಿಟ್ಟು ಇನ್ನೊಂದು. ಮೂರು ಸ್ಲೈಡಲ್ಲೂ ಬಿಳಿ ರಕ್ತಕಣಗಳನ್ನು ಬಗೆಬಗೆಯಾಗಿ ಎಣಿಸಬೇಕು. ನರಗಳು ಹೇಳಿದ ಮಾತನ್ನು ರೋಗನಿರೋಧಕ ಕಣಗಳು ಕೇಳುತ್ತವೆ ಅನ್ನೋದನ್ನು ಓದಿ ತಿಳಿದುಕೊಂಡರೆ ಸಾಲದು, ಕಣ್ಣಾರೆ ನೋಡಬೇಕು ಅನ್ನೋದು ನನ್ನ ಆಸೆ.

ನಮ್ಮ ನ್ಯೂಟ್ರೋಫಿಲ್‌ಗಳಲ್ಲಿ (ಬಿಳಿ ರಕ್ತಕಣಗಳ ಒಂದು ಬಗೆ) ಹೆಚ್ಚುಕಡಿಮೆ ಅರ್ಧದಷ್ಟು ರಕ್ತದ ಜೊತೆ ಓಡಾಡುತ್ತಿರುವುದಿಲ್ಲ. ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡಿರುತ್ತವೆ. ಮೆಟ್ಟಿಲು ಹತ್ತಲು ಶುರು ಮಾಡಿದರೆ ಸಿಂಪಥೆಟಿಕ್ ನರಗಳು ಚುರುಕಾಗುತ್ತವೆ. ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಬಿಡುತ್ತದೆ, ರಕ್ತದ ಓಟ ಜೋರಾಗುತ್ತದೆ. ಗೋಡೆಗೆ ಅಂಟಿದ್ದವು ಬಿಡಿಸಿಕೊಂಡು ಹರಿವಿಗೆ ಬರುತ್ತವೆ. ಲಿಂಫೋಸೈಟ್ ಅನ್ನುವ ಇನ್ನೊಂದು ಬಗೆಯ ಬಿಳಿ ಕಣಗಳ ಮೈಮೇಲೆ ಅಡ್ರಿನಲಿನ್ ಹಿಡಿಯುವ ಬೀಟಾ-2 ರಿಸೆಪ್ಟರ್‌ಗಳೇ ಇವೆ. ಹಾಗಾಗಿ ಅವೂ ಕೆಲವೇ ನಿಮಿಷದಲ್ಲಿ ಏರುತ್ತವೆ, ದಣಿವಾರಿಸಿಕೊಳ್ಳುವ ಹೊತ್ತಿಗೆ ಮೊದಲಿಗಿಂತ ಕೆಳಗೆ ಇಳಿಯುತ್ತವೆ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಿದರೆ ಆಟವೇ ಬೇರೆ. ನ್ಯೂಟ್ರೋಫಿಲ್ ಜಾಸ್ತಿ ಆಗುತ್ತದೆ, ಇಯೊಸಿನೊಫಿಲ್ ಅನ್ನುವ ಮತ್ತೊಂದು ಬಗೆಯ ಬಿಳಿ ಕಣ ಕಡಿಮೆ ಆಗುತ್ತದೆ. ಇನ್ನೂ ಒಂದು ದಾರಿ ಇದೆ. ನರದ ಎಳೆಗಳು ನೇರವಾಗಿ ಗುಲ್ಮದೊಳಗೇ ಹೋಗಿ ಅಲ್ಲಿನ ರೋಗನಿರೋಧಕ ಕಣಗಳ ಪಕ್ಕದಲ್ಲಿ ಕೊನೆಯಾಗುತ್ತವೆ ಅಂತ ಡೇವಿಡ್ ಫೆಲ್ಟನ್ ಮತ್ತು ಜೊತೆಗಾರರು 1980ರ ದಶಕದಲ್ಲಿ ತೋರಿಸಿದರು. ಇದನ್ನು ಮೊದಲ ಸಲ ಓದಿದಾಗ ನನಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ.

ಇದೆಲ್ಲ ಎಣಿಸಬೇಕು ಅಂದ್ರೆ ಯಾವ ಕಣ ಯಾವುದು ಅಂತ ಗೊತ್ತಾಗಬೇಕಲ್ವಾ? ಅಲ್ಲೇ ಇಷ್ಟು ದಿನ ಸಿಕ್ಕಿಕೊಂಡಿದ್ದು.

ಸ್ಮಿಯರ್ ಎಳೆಯೋದು (ರಕ್ತದ ಹನಿಯನ್ನು ಸ್ಲೈಡ್ ಮೇಲೆ ತೆಳುವಾಗಿ ಹರಡೋದು), ಒಣಗಿಸೋದು ಬಿಟ್ಟು ನೇರ ಬಣ್ಣಕ್ಕೆ ಬರುತ್ತೇನೆ. ವಿಲಿಯಂ ಲೀಶ್‌ಮನ್ 1901ರಲ್ಲಿ ಕೊಟ್ಟ ಈ ಸ್ಟೇನ್‌ನಲ್ಲಿ ಎರಡು ಬಣ್ಣಗಳು ಮೆಥನಾಲ್‌ನಲ್ಲಿ ಕರಗಿರುತ್ತವೆ. ಒಂದು ಇಯೊಸಿನ್. ಅದು ಋಣ ಚಾರ್ಜ್ ಇರುವ ಕೆಂಪು. ಇನ್ನೊಂದು ಮೆಥಿಲಿನ್ ಬ್ಲೂ ಮತ್ತು ಅದರಿಂದ ಹುಟ್ಟಿದ ಅಜೂರ್. ಅದು ಧನ ಚಾರ್ಜ್ ಇರುವ ನೀಲಿ. ಡಿಎನ್‌ಎ, ಆರ್‌ಎನ್‌ಎಯ ಫಾಸ್ಫೇಟ್‌ಗಳು ನೀಲಿಯನ್ನು ಎಳೆದುಕೊಳ್ಳುತ್ತವೆ. ಹಿಮೋಗ್ಲೋಬಿನ್, ಇಯೊಸಿನೊಫಿಲ್‌ನ ಕಾಳುಗಳು ಕೆಂಪನ್ನು ಎಳೆದುಕೊಳ್ಳುತ್ತವೆ. ಅಜೂರ್ ಮತ್ತು ಇಯೊಸಿನ್ ಎರಡೂ ಒಂದೇ ಜಾಗದಲ್ಲಿ ಕೂಡಿದಾಗ ಆ ನೇರಳೆ ಬರುತ್ತದೆ. ಬರೀ ಮೆಥನಾಲ್‌ನಲ್ಲಿ ಇದ್ಯಾವುದೂ ಆಗಲ್ಲ, ಅಲ್ಲಿ ಕಣಗಳು ಫಿಕ್ಸ್ ಆಗುತ್ತವೆ ಅಷ್ಟೇ. ಬಣ್ಣ ಹಿಡಿಯೋದು ಮೇಲೆ ಎರಡು ಪಟ್ಟು ನೀರು ಹಾಕಿದ ಮೇಲೆ. ಆ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 6.8 ಇರಬೇಕು. ಪ್ರೋಟೀನ್ ಮೇಲೆ ಎಷ್ಟು ಧನ ಚಾರ್ಜ್, ಎಷ್ಟು ಋಣ ಚಾರ್ಜ್ ಉಳಿಯುತ್ತದೆ ಅನ್ನೋದನ್ನು ಪಿಎಚ್ ತೀರ್ಮಾನಿಸುತ್ತದೆ. ಅಂದ್ರೆ ಇಲ್ಲಿ ನೀರೂ ಒಂದು ಕೆಮಿಕಲ್.

ನಮ್ಮ ಮನೆ ಸಂಪಿನಲ್ಲಿ ಕಾವೇರಿ ನೀರಿಗೆ ಬೋರ್‌ವೆಲ್ ನೀರು ಸೇರುತ್ತದೆ. ಬೈಕಾರ್ಬೊನೇಟ್ ತುಂಬಿದ ನೀರು, ಪಿಎಚ್ 8ರ ಹತ್ತಿರ. ಅದರಲ್ಲಿ ಮಾಡಿದ ಸ್ಲೈಡ್ ಎಲ್ಲ ನೀಲಿ. ಕೆಂಪು ರಕ್ತಕಣಗಳು ಬೂದು ನೀಲಿ, ನ್ಯೂಟ್ರೋಫಿಲ್ ಕಾಳುಗಳು ಕಪ್ಪಗೆ, ಇಯೊಸಿನೊಫಿಲ್ ಯಾವುದು ಅಂತಲೇ ಗೊತ್ತಾಗದು. ಇದು ನಿರೀಕ್ಷೆ ಇದ್ದದ್ದೇ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತಂದೆ. ಅದರ ಕಥೆ ದಿನಕ್ಕೊಂದು. ಇವತ್ತು ಕೆಂಪು, ನಾಳೆ ನೀಲಿ. ಶುದ್ಧ ನೀರಿಗೆ ಪಿಎಚ್ ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಕರಗಿದರೂ ಆಮ್ಲದ ಕಡೆ ಜಾರುತ್ತದೆ.

ಸರಿ, ಪಿಎಚ್ ಜಾರದ ಹಾಗೆ ಹಿಡಿದಿಡುವ ದ್ರಾವಣ, ಅಂದ್ರೆ ಫಾಸ್ಫೇಟ್ ಬಫರ್ ಮಾಡೋಣ ಅಂತ ಹೊರಟೆ. ಲೆಕ್ಕ ಎಲ್ಲರಿಗೂ ಗೊತ್ತು. ಲೀಟರಿಗೆ 9.08 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಒಂದು ಬಾಟಲಿ. ಲೀಟರಿಗೆ 9.47 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಇನ್ನೊಂದು ಬಾಟಲಿ. ಸಮಸಮ ಬೆರೆಸಿದರೆ 6.8. ಒಡವೆ ತೂಗುವ ತಕ್ಕಡಿಯಲ್ಲಿ ತೂಗಿ, ಕರಗಿಸಿ, ಬೆರೆಸಿದೆ. ಪಿಎಚ್ ಪಟ್ಟಿ ಅದ್ದಿದರೆ 6ಕ್ಕೂ 7ಕ್ಕೂ ನಡುವಿನ ಬಣ್ಣ. ಸ್ಟೇನ್ ಮಾಡಿದೆ.

ಈ ಸಲ ಎಲ್ಲ ಕೆಂಪು! ಕೆಂಪು ರಕ್ತಕಣಗಳು ಇಟ್ಟಿಗೆ ಬಣ್ಣ, ಇಯೊಸಿನೊಫಿಲ್ ಕಾಳುಗಳು ಹೊಳೆಯುತ್ತಿವೆ. ಆದರೆ ನ್ಯೂಕ್ಲಿಯಸ್‌ಗಳು ಬಿಸಿಲಿಗೆ ಹಾಕಿದ ಬಟ್ಟೆ ಥರ ಬಿಳಿಚಿಕೊಂಡಿವೆ. ನ್ಯೂಟ್ರೋಫಿಲ್ ಕಾಳುಗಳು ಕಾಣಿಸುತ್ತಲೇ ಇಲ್ಲ. ದೊಡ್ಡ ಲಿಂಫೋಸೈಟ್ ಯಾವುದು, ಮಾನೋಸೈಟ್ ಅನ್ನುವ ಬಿಳಿ ಕಣ ಯಾವುದು ಅಂತ ಆಣೆ ಮಾಡಿ ಹೇಳುವ ಹಾಗಿಲ್ಲ. ಸ್ಟೇನ್ ಬದಲಾಯಿಸಿದೆ, ಹೊತ್ತು ಜಾಸ್ತಿ ಮಾಡಿದೆ, ಸ್ಮಿಯರ್ ತೆಳು ಮಾಡಿದೆ. ಏನೂ ಕೆಲಸ ಮಾಡಲಿಲ್ಲ. ರೈಟ್ ಸ್ಟೇನ್ ಅನ್ನುವ ಇನ್ನೊಂದು ರಕ್ತದ ಬಣ್ಣ ಬಳಸುವವರು 6.4ಕ್ಕೇ ಮಾಡುವುದುಂಟು, ಮಲೇರಿಯಾ ಹುಡುಕುವವರು 7.2ಕ್ಕೆ ಹೋಗುತ್ತಾರೆ. ಆದರೆ ನನ್ನ ಕೈಲಿದ್ದ ಲೀಶ್‌ಮನ್ ಬಾಟಲಿಗೆ 6.8 ಬಿಟ್ಟು ಬೇರೆ ಯಾವುದೂ ಹೊಂದುತ್ತಿರಲಿಲ್ಲ.

ಕೊನೆಗೆ ಒಂದು ಪಿಎಚ್ ಮೀಟರ್ ತರಿಸಿದೆ. ಗಿಡ, ಮೀನು ಸಾಕುವವರು ಬಳಸುವ ಪೆನ್ ಥರದ್ದು. ಜೊತೆಗೆ ಎರಡು ಪುಡಿ ಪೊಟ್ಟಣ ಬರುತ್ತದಲ್ವಾ, ಒಂದು 4.01, ಇನ್ನೊಂದು 6.86. ಅವುಗಳಲ್ಲಿ ಮೀಟರ್ ಸರಿಮಾಡಿಕೊಂಡು ನನ್ನ ಬಫರ್‌ನಲ್ಲಿ ಇಟ್ಟರೆ 6.4ರ ಆಸುಪಾಸು ತೋರಿಸಿತು. ಪಟ್ಟಿಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ತೂಕ ಸರಿ, ಲೆಕ್ಕ ಸರಿ, ಪಿಎಚ್ ಮಾತ್ರ 0.4 ಕಡಿಮೆ.

ಆಗ ಹೊಳೆದದ್ದು ಆ ಪೊಟ್ಟಣ. 6.86ರ ಪುಡಿಯಲ್ಲಿ ಏನಿರುತ್ತದೆ? ಇದೇ ಎರಡು ಫಾಸ್ಫೇಟ್‌ಗಳು, ಸಮ ಮೋಲ್‌ನಲ್ಲಿ, ಅಂದ್ರೆ ಎಣಿಕೆಯಲ್ಲಿ ಸಮಸಮ! ಪ್ರಪಂಚದ ಲ್ಯಾಬ್‌ಗಳೆಲ್ಲ ಒಪ್ಪಿಕೊಂಡಿರುವ ಅಳತೆಗೋಲು ಅದು. ಕ್ಯಾಲಿಬ್ರೇಶನ್ ಮುಗಿದ ಮೇಲೆ ಸಿಂಕಿಗೆ ಚೆಲ್ಲಬೇಕಿದ್ದ ಆ ನೀರನ್ನೇ ಸ್ಟೇನ್ ಮೇಲೆ ಹಾಕಿದೆ. ಹತ್ತು ನಿಮಿಷ ಕಾದು, ಅದರಲ್ಲೇ ತೊಳೆದು, ಒಣಗಿಸಿ, ಎಣ್ಣೆ ಹಾಕಿ 100ರ ಆಬ್ಜೆಕ್ಟಿವ್ ಇಳಿಸಿದೆ.

ಕೆಂಪು ರಕ್ತಕಣಗಳು ತಿಳಿ ಗುಲಾಬಿ. ನ್ಯೂಟ್ರೋಫಿಲ್‌ನ ನ್ಯೂಕ್ಲಿಯಸ್ ಮೂರು ಹಾಲೆಯಾಗಿ, ನಡುವೆ ನೂಲಿನಂಥ ಎಳೆ, ಸುತ್ತ ಧೂಳಿನಷ್ಟು ಸಣ್ಣ ತಿಳಿನೇರಳೆ ಕಾಳು. ಸ್ಮಿಯರ್‌ನ ಅಂಚಿಗೆ ಹೋದರೆ ಒಂದು ಮಾನೋಸೈಟ್. ಬೂದು ನೀಲಿ ಮೈ, ಮಡಚಿದ ನ್ಯೂಕ್ಲಿಯಸ್, ಒಳಗೆ ಒಂದೆರಡು ಖಾಲಿ ಗುಳ್ಳೆ. ಆಮೇಲೆ ಸಿಕ್ಕಿತು ಆ ಇಯೊಸಿನೊಫಿಲ್. ಎರಡು ಹಾಲೆಯ ಗಾಢ ನೇರಳೆ ನ್ಯೂಕ್ಲಿಯಸ್. ಉಳಿದ ಜಾಗದಲ್ಲೆಲ್ಲ ಒಂದಕ್ಕೊಂದು ಒತ್ತಿಕೊಂಡ ದುಂಡನೆಯ ಕಿತ್ತಳೆ ಕಾಳುಗಳು. ಫೈನ್ ಫೋಕಸ್ ತಿರುಗಿಸಿದರೆ ಕಾಳುಗಳು ಪದರ ಪದರವಾಗಿ ಬಂದು ಹೋಗುತ್ತವೆ. ಜಂತುಹುಳುವಿನ ಮರಿಗಳ ಮೇಲೆ ಸುರಿಯುವ ವಿಷ ತುಂಬಿಕೊಂಡಿರುವ ಕಾಳುಗಳು ಅವು. ಎಷ್ಟೋ ಹೊತ್ತು ಅಲ್ಲಿಂದ ಸ್ಟೇಜ್ ಕದಲಿಸಲೇ ಇಲ್ಲ.

ಹಾಗಾದ್ರೆ ನನ್ನ ಬಫರ್‌ಗೆ ಏನಾಗಿತ್ತು? ಅನುಮಾನ ಉಪ್ಪಿನ ಮೇಲೆ ಹೋಯಿತು. ಡೈಸೋಡಿಯಂ ಫಾಸ್ಫೇಟ್ ಮೂರ್ನಾಲ್ಕು ರೂಪದಲ್ಲಿ ಸಿಗುತ್ತದೆ. ನೀರಿಲ್ಲದ್ದರ ಮೋಲಾರ್ ತೂಕ 142. ಎರಡು ನೀರಿನ ಅಣು ಸೇರಿದ್ದು 178. ಹನ್ನೆರಡು ಸೇರಿದ್ದು 358. ನನಗೆ ಸಿಕ್ಕಿದ್ದು ಅಂಗಡಿಯವರು ದೊಡ್ಡ ಡಬ್ಬದಿಂದ ಪಾಲಿಥಿನ್ ಕವರಿಗೆ ಸುರಿದು, ಮೇಲೆ ಪೆನ್ನಲ್ಲಿ ಹೆಸರು ಬರೆದದ್ದು. ಕವರಿನ ಮೇಲೆ ನೀರಿನ ಲೆಕ್ಕ ಇಲ್ಲ. ಬಿಲ್ಲಿನಲ್ಲಿ ನೀರಿಲ್ಲದ್ದು ಅಂತಲೇ ಬರೆದಿದ್ದರು. ಫೋನ್ ಮಾಡಿ ಕೇಳಿದರೆ, "ಸಾರ್, ಉಪ್ಪು ಉಪ್ಪೇ, ನೀರು ನೀವೇ ಹಾಕ್ಕೋಬೇಕು" ಅಂದರು. ಕೆಮಿಕಲ್ ಮಾರುವವರು ಇಷ್ಟು ಅಸಡ್ಡೆ ಮಾಡಬಾರದು. ಇದೇ ಕವರನ್ನು ಯಾವುದೋ ಕಾಲೇಜಿನ ಮಕ್ಕಳೂ ತಗೊಂಡು ಹೋಗಿರುತ್ತಾರೆ.

ಕೇಳುವುದು ಬಿಟ್ಟು ಉಪ್ಪನ್ನೇ ಪರೀಕ್ಷೆ ಮಾಡಿದೆ. ಸರಿಯಾಗಿ 10 ಗ್ರಾಂ ಗಾಜಿನ ತಟ್ಟೆಯಲ್ಲಿ ಹಾಕಿ, ಅಡುಗೆಗೆ ಬಳಸದ ಹಳೇ ಓವನ್‌ನಲ್ಲಿ ಇಟ್ಟೆ. ಸ್ವಲ್ಪ ಬಿಸಿ ತಾಗಿದ್ದೇ ತಡ, ಹರಳುಗಳು ಕರಗಿ ನೀರಾದವು. ಅಲ್ಲಿಗೇ ಉತ್ತರ ಸಿಕ್ಕ ಹಾಗೆ. ಹನ್ನೆರಡು ನೀರಿನ ಉಪ್ಪು 35 ಡಿಗ್ರಿ ಆಸುಪಾಸಿನಲ್ಲೇ ತನ್ನೊಳಗಿನ ನೀರಲ್ಲಿ ತಾನೇ ಕರಗುತ್ತದೆ. ನೀರಿಲ್ಲದ್ದು ಹಾಗೆ ಮಾಡುವುದಿಲ್ಲ. ಆಮೇಲೆ 110 ಡಿಗ್ರಿಗೆ ಏರಿಸಿ, ತೂಕ ಇಳಿಯುವುದು ನಿಲ್ಲುವವರೆಗೂ ಬಿಟ್ಟೆ. ಉಳಿದದ್ದು 4 ಗ್ರಾಂಗೆ ಸ್ವಲ್ಪ ಮೇಲೆ. ಲೆಕ್ಕ ನೋಡಿ: 142 ಭಾಗಿಸು 358, ಅಂದ್ರೆ ನೂರಕ್ಕೆ 40 ಉಳಿಯಬೇಕು. ಕವರಿನಲ್ಲಿದ್ದ ಉಪ್ಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ನೀರು. ಆ ಬಾಟಲಿಯಲ್ಲಿ ಇರಬೇಕಾದ ಫಾಸ್ಫೇಟ್‌ನಲ್ಲಿ ನೂರಕ್ಕೆ 40 ಮಾತ್ರ ಇತ್ತು. ಬಫರ್‌ನ ಪಿಎಚ್ ಎರಡು ಉಪ್ಪುಗಳ ಅನುಪಾತದ ಲಾಗರಿದಮ್‌ಗೆ ತಕ್ಕಂತೆ ಬದಲಾಗುತ್ತದೆ. 0.4ರ ಲಾಗರಿದಮ್ ತೆಗೆದರೆ ಮೈನಸ್ 0.4. ಮೀಟರ್ ತೋರಿಸಿದ ಕೊರತೆಯೂ ಅಷ್ಟೇ!

ಈಗ ಅದೇ ಉಪ್ಪನ್ನು ಲೀಟರಿಗೆ 23.9 ಗ್ರಾಂ ಹಾಕುತ್ತಿದ್ದೇನೆ. ಮೀಟರ್ 6.8 ತೋರಿಸುತ್ತದೆ. ಸ್ಲೈಡುಗಳು ಪೊಟ್ಟಣದ ನೀರಿನಲ್ಲಿ ಬಂದ ಹಾಗೇ ಬರುತ್ತಿವೆ.

ಅದೇ ಅಂಗಡಿಯಲ್ಲಿ ಸಿಲ್ವರ್ ನೈಟ್ರೇಟ್ ರೇಟು ಕೇಳಿ ಬಂದಿದ್ದೆ. ಮುಂದಿನ ಪ್ರಾಜೆಕ್ಟ್‌ಗೆ ಬೇಕು. ನಮ್ಮ ಊರಿಗೂ ಸಿಲ್ವರ್ ನೈಟ್ರೇಟ್‌ಗೂ ಹಳೇ ನಂಟು. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲೇ ತಯಾರಾಗುವುದು, ಅದು ಅಳಿಸದೆ ನಿಲ್ಲುವುದು ಸಿಲ್ವರ್ ನೈಟ್ರೇಟ್‌ನಿಂದಲೇ. 1873ರಲ್ಲಿ ಇಟಲಿಯ ವೈದ್ಯ ಕ್ಯಾಮಿಲ್ಲೊ ಗಾಲ್ಜಿ ನರಕೋಶಗಳನ್ನು ಮೊದಲ ಸಲ ಬೇರು ಸಮೇತ ತೋರಿಸಿದ್ದೂ ಇದೇ ಲವಣದಿಂದ. ಡೈಕ್ರೋಮೇಟ್‌ನಲ್ಲಿ ನೆನೆಸಿದ ಮೆದುಳಿನ ತುಂಡನ್ನು ಸಿಲ್ವರ್ ನೈಟ್ರೇಟ್‌ಗೆ ಹಾಕಿದರೆ ಕೆಲವೇ ಕೆಲವು ಕೋಶಗಳು ಮಾತ್ರ ಪೂರ್ತಿ ಕಪ್ಪಾಗುತ್ತವೆ. ಎಲ್ಲವೂ ಕಪ್ಪಾಗಿದ್ದರೆ ಏನೂ ಕಾಣುತ್ತಿರಲಿಲ್ಲ. ಗಾಲ್ಜಿ ಇದನ್ನು ಕಂಡುಹಿಡಿದದ್ದು ಆಸ್ಪತ್ರೆಯ ಅಡುಗೆಮನೆಯನ್ನು ಲ್ಯಾಬ್ ಮಾಡಿಕೊಂಡು. ಸ್ಪೇನಿನ ವಿಜ್ಞಾನಿ ಕಾಹಾಲ್ ಇದೇ ವಿಧಾನವನ್ನು ಹಕ್ಕಿಗಳ ಸೆರೆಬೆಲ್ಲಮ್ (ಕಿರುಮೆದುಳು) ಮೇಲೆ ಬಳಸಿ, ನರಕೋಶಗಳು ಒಂದೊಂದೂ ಬಿಡಿಬಿಡಿ ಅಂತ 1888ರಲ್ಲಿ ತೋರಿಸಿದರು. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು. ಕೋಳಿ ಅಂಗಡಿಯಲ್ಲಿ ತಲೆ ಸುಲಭವಾಗಿ ಸಿಗುತ್ತದೆ. ಆದರೆ ಡೈಕ್ರೋಮೇಟ್ ಕ್ಯಾನ್ಸರ್ ತರುವ ವಸ್ತು, ಮನೆಯಲ್ಲಿ ಮಾತ್ರ ಬೇಡವೇ ಬೇಡ. ಫ್ಯೂಮ್ ಹುಡ್ ಇರುವ ಕಾಲೇಜು ಲ್ಯಾಬ್ ಒಂದರ ಜೊತೆ ಮಾತಾಡುತ್ತಿದ್ದೇನೆ.

ಬೆಟ್ಟಕ್ಕೆ ವಾಪಸ್ ಬರೋಣ. ಬಣ್ಣ ಸರಿಯಾಯಿತು, ಈಗ ಎಣಿಕೆಯ ಸಮಸ್ಯೆ. ಲ್ಯಾಬಿನವರು ಸಾಮಾನ್ಯವಾಗಿ 100 ಕಣ ಎಣಿಸುತ್ತಾರೆ. ನೂರರಲ್ಲಿ 3 ಇಯೊಸಿನೊಫಿಲ್ ಸಿಕ್ಕರೆ ನಿಜವಾದ ಪ್ರಮಾಣ ಸುಮಾರು 1ರಿಂದ 9ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅದರಲ್ಲಿ ಇಳಿಕೆ ಕಾಣುವುದು ಹೇಗೆ? 200 ಕಣ ಎಣಿಸಿ ನ್ಯೂಟ್ರೋಫಿಲ್ 60 ಶೇಕಡಾ ಬಂದರೂ ಆಚೆಗೆ 7, ಈಚೆಗೆ 7 ಹೋಗುತ್ತದೆ. ಹಾಗಾಗಿ ಸ್ಲೈಡಿಗೆ 500 ಎಣಿಸುವುದು ಅಂತ ತೀರ್ಮಾನಿಸಿದ್ದೇನೆ. ಇನ್ನೊಂದು ಮುಖ್ಯ ವಿಷಯ: ಶೇಕಡಾ ಲೆಕ್ಕ ಒಂದೇ ಸಾಲದು. ನ್ಯೂಟ್ರೋಫಿಲ್ ಏರಿದರೆ, ಲಿಂಫೋಸೈಟ್ ಇದ್ದಷ್ಟೇ ಇದ್ದರೂ ಅದರ ಶೇಕಡಾ ಇಳಿಯುತ್ತದೆ. ಒಟ್ಟು ಸಂಖ್ಯೆಯೂ ಬೇಕು. ಅದಕ್ಕೆ ನ್ಯೂಬಾವರ್ ಚೇಂಬರ್ (ಕಣ ಎಣಿಸಲು ಗೆರೆ ಕೊರೆದ ಗಾಜು) ಮತ್ತು ಟರ್ಕ್ ದ್ರಾವಣ (ಕೆಂಪು ಕಣ ಒಡೆದು ಬಿಳಿ ಕಣ ಉಳಿಸುವುದು) ಬೇಕು. ಚೇಂಬರ್ ಆರ್ಡರ್ ಮಾಡಿ ಬಹಳ ದಿನ ಆಯಿತು, "ನಾಳೆ ಬರುತ್ತೆ" ಅನ್ನೋದು ಇನ್ನೂ ಮುಗಿದಿಲ್ಲ.

ಚೇಂಬರ್ ಬರುವವರೆಗೆ ಬೆಟ್ಟ ಹತ್ತಿ ಸುಮ್ನೆ ಸ್ಲೈಡ್ ಮಾಡಿಟ್ಟುಕೊಳ್ಳುವುದಿಲ್ಲ. ಅದರ ಬದಲು ಒಂದೇ ದಿನ ಬೆಳಗ್ಗೆ ಎದ್ದ ಕೂಡಲೇ ಒಂದು, ರಾತ್ರಿ ಮಲಗುವ ಮುಂಚೆ ಒಂದು ಸ್ಮಿಯರ್ ಎಳೆಯುತ್ತೇನೆ. ಬೆಳಗ್ಗೆ ಕಾರ್ಟಿಸಾಲ್ ಮೇಲಿರುತ್ತದೆ, ಇಯೊಸಿನೊಫಿಲ್ ಕೆಳಗಿರುತ್ತದೆ. ರಾತ್ರಿ ತಿರುಗುಮುರುಗು. ನನ್ನ ಎಣಿಕೆಯಲ್ಲಿ ಇದು ಕಾಣದಿದ್ದರೆ ಬೆಟ್ಟದ ಲೆಕ್ಕವನ್ನು ನಂಬುವ ಹಾಗಿಲ್ಲ.

ಬಫರ್ ಎರಡು ಲೀಟರ್ ಮಾಡಿ ಫ್ರಿಜ್‌ನಲ್ಲಿ ಇಟ್ಟಿದ್ದೇನೆ. ಮೈಸೂರಿನಲ್ಲಿ ಇರುವವರು ಬೇಕಾದರೆ ಬಂದು ತಗೊಂಡು ಹೋಗಿ, ಶುಭ್ರವಾದ ಬಾಟಲಿ ನೀವೇ ತನ್ನಿ. ಬಫರ್‌ಗೆ ಬೂಷ್ಟು ಹಿಡಿಯುವುದು ಬೇಗ. ಸ್ವಲ್ಪ ಮಬ್ಬಾದರೂ ಚೆಲ್ಲಿಬಿಡಿ, ಸ್ಲೈಡ್ ಮೇಲೆ ಕಾಣುವ ಬೂಷ್ಟಿನ ಕಣ ಪ್ಲೇಟ್‌ಲೆಟ್ ಅಂತ ಮೋಸ ಮಾಡುತ್ತದೆ.