ಎಲ್ಲಿ ಕಲಿತದ್ದು ನೀವು?

ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತವರು ನನ್ನ ಕಡೆ ತಿರುಗಿದರೆಂದರೆ ಪ್ರಶ್ನೆ ಏನೆಂದು ನನಗೆ ಗೊತ್ತಿರುತ್ತದೆ: "ಎಲ್ಲಿ ಕಲಿತದ್ದು ನೀವು?" ಬೆಂಗಳೂರಿನ ಚಿತ್ರಸಂತೆಯಲ್ಲಿ ಕೇಳಿದ್ದಾರೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಕೇಳಿದ್ದಾರೆ. ಯಾವ ಆರ್ಟ್ ಸ್ಕೂಲಿಗೂ ಹೋಗಿಲ್ಲ, ಮನುಷ್ಯರನ್ನು ಬಿಡಿಸಲು ಕೂರಿಸಿ ಕಲಿಸಿದ ಗುರು ಇಲ್ಲ ಎಂದರೆ, "ಹಾಗಾದ್ರೆ ದೇವರು ಕೊಟ್ಟದ್ದು ಬಿಡಿ" ಎನ್ನುತ್ತಾರೆ. ಪ್ರೀತಿಯಿಂದ ಆಡುವ ಮಾತೇ. ಆದರೂ ಕೇಳಿದಾಗಲೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತದೆ. ದೇವರೇ ಕೊಟ್ಟದ್ದಾದರೆ ಅಷ್ಟು ವರ್ಷ ನನ್ನ ಚಿತ್ರದ ಕೈಬೆರಳುಗಳು ಬೆಂಡೆಕಾಯಿಯ ಹಾಗೆ ಬಂದದ್ದು ಯಾಕೆ? ಕಲಿತಿದ್ದೇನೆ, ತುಂಬ ಕಲಿತಿದ್ದೇನೆ. ಯಾರಿಂದ, ಹೇಗೆ ಎಂದು ನಿಂತ ಕಾಲಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹತ್ತನೇ ಕ್ಲಾಸು ಮುಗಿದ ರಜೆಯಲ್ಲೇ ಮಂಗಳೂರು ಬಂದರಿನ ಒಂದು ಓಣಿಯಲ್ಲಿ ಬೋರ್ಡ್ ಬರೆಯುವ ಅಂಗಡಿಗೆ ಸೇರಿದೆ. ಅಂಗಡಿಗಳ ಬೋರ್ಡು, ಬಸ್ಸಿನ ಹೆಸರು, ದಕ್ಕೆಯಲ್ಲಿ ನಿಂತ ಬೋಟುಗಳ ಹೆಸರು, ನಂಬರು. ಯಜಮಾನರು ಅಕ್ಷರದಲ್ಲಿ ಬಹಳ ಗಟ್ಟಿಗರು. ನಾನು ‘ಲ’ ಬರೆದಾಗ ಅವರು ಹೇಳುತ್ತಿದ್ದದ್ದು ಒಂದೇ: "ಗೆರೆ ನೋಡಬೇಡ. ಒಳಗೆ ಖಾಲಿ ಉಂಟಲ್ಲ, ಅದನ್ನು ನೋಡು. ಅದು ಸರಿಯಾದ್ರೆ ಗೆರೆ ತನ್ನಿಂತಾನೆ ಸರಿಯಾಗ್ತದೆ." ಕನ್ನಡದ ಅಕ್ಷರಗಳಿಗೆ ಹೊಟ್ಟೆ ಇದೆ, ಆ ಹೊಟ್ಟೆ ಕೆಟ್ಟರೆ ಎಷ್ಟು ನಯವಾಗಿ ಬ್ರಷ್ ಆಡಿಸಿದರೂ ಬೋರ್ಡು ದೂರದಿಂದ ಸೊಟ್ಟ ಕಾಣುತ್ತದೆ. ಮುಂದೆ ಮನುಷ್ಯರನ್ನು ಬಿಡಿಸುವಾಗ ನನ್ನ ಕೈ ಹಿಡಿದದ್ದು ಈ ಮಾತು. ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಗಸನ್ನು ಬಿಡಿಸಬೇಕಾದರೆ ನಾನು ಕೈಯಿಂದ ಶುರುಮಾಡುವುದಿಲ್ಲ. ಕೈಗೂ ಸೊಂಟಕ್ಕೂ ನಡುವೆ ಹಿಂದಿನ ಗೋಡೆ ಕಾಣುವ ತ್ರಿಕೋನ ಇದೆಯಲ್ಲ, ಅದನ್ನು ಮೊದಲು ಬಿಡಿಸುತ್ತೇನೆ.

ಅಂಗಡಿಗೆ ಆಗೀಗ ತೀರಿಹೋದವರ ಫೋಟೊ ಹಿಡಿದು ಜನ ಬರುತ್ತಿದ್ದರು, ದೊಡ್ಡದಾಗಿ ಬಿಡಿಸಿ ಕೊಡಿ ಎಂದು. ಯಜಮಾನರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ, ನನಗೆ ಬಿಟ್ಟುಬಿಟ್ಟರು. ಫೋಟೊದ ಮೇಲೆ ಪೆನ್ಸಿಲಿನಿಂದ ಸಣ್ಣ ಚೌಕ ಹಾಕಿ, ಹಲಗೆಯ ಮೇಲೆ ದೊಡ್ಡ ಚೌಕ ಹಾಕಿ, ಒಂದೊಂದೇ ಚೌಕ ತುಂಬಿಸಿಕೊಂಡು ಹೋಗುವುದು. ಸಿನಿಮಾ ಬ್ಯಾನರ್ ಬರೆಯುವವರೂ ಬಳಸುತ್ತಿದ್ದ ಉಪಾಯ. ಮೂಗು, ಕಣ್ಣು, ಮೀಸೆ ಇದ್ದಲ್ಲೇ ಬರುತ್ತವೆ. ನನಗೆ ಎಲ್ಲ ಬಂತು ಎಂದೇ ಅಂದುಕೊಂಡಿದ್ದೆ.

ಒಂದು ದಿನ ಒಬ್ಬರು ಅಕ್ಕ ಬಂದರು. ಅವರ ಅಪ್ಪ ಬಂದರಿನ ಗೋದಾಮುಗಳಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದವರು. ಇದ್ದದ್ದು ಗುರುತಿನ ಚೀಟಿಯ ಫೋಟೊ ಒಂದೇ. ಎದೆಯವರೆಗೆ ಬೇಕು ಎಂದರು. ಮುಖ ಚೌಕದ ಲೆಕ್ಕದಲ್ಲಿ ತೆಗೆದೆ, ಹೆಗಲು ಅಂದಾಜಿನಲ್ಲಿ ಹಾಕಿದೆ, ಎರಡೂ ಸಮವಾಗಿ. ಚಿತ್ರ ನೋಡಲು ಬಂದ ಅಕ್ಕ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣಾ, ಮುಖ ಅಪ್ಪಂದೇ. ಆದ್ರೆ ಇದು ಅಪ್ಪ ಅಲ್ಲ" ಎಂದರು.

ಏನು ತಪ್ಪಿದೆ ಎಂದು ಅವರಿಗೂ ಹೇಳಲು ಬರಲಿಲ್ಲ. ಸುಮ್ಮನೆ ನಿಂತರು. ಆಮೇಲೆ ಚೀಲ ಕೆಳಗಿಟ್ಟು ತಮ್ಮ ಬಲ ಹೆಗಲನ್ನು ನಾಲ್ಕು ಬೆರಳಷ್ಟು ಇಳಿಸಿದರು, ಕುತ್ತಿಗೆಯನ್ನು ಎಡಕ್ಕೆ ವಾಲಿಸಿದರು, ಗದ್ದ ಸ್ವಲ್ಪ ಮುಂದೆ ಚಾಚಿದರು. ಅಷ್ಟೇ. ಮೂವತ್ತು ಚಿಲ್ಲರೆ ವಯಸ್ಸಿನ ಹೆಂಗಸಿನ ಮೈಯಲ್ಲಿ ಒಬ್ಬ ಮುದುಕ ಬಂದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಮೂಟೆ ಇಲ್ಲದಾಗಲೂ ಅವರ ಅಪ್ಪ ಮೂಟೆ ಹೊತ್ತವರ ಹಾಗೇ ನಿಲ್ಲುತ್ತಿದ್ದರು. ಚೀಟಿಗೆ ಫೋಟೊ ತೆಗೆದವರು "ನೇರ ಕೂತ್ಕೊಳ್ಳಿ" ಎಂದು ಹೇಳಿ ಅದನ್ನು ಅಳಿಸಿಬಿಟ್ಟಿದ್ದರು.

ಆ ಹೆಗಲನ್ನು ಮೂರು ಸಲ ತಿದ್ದಿದೆ. ಮೂರು ಸಲವೂ ಅಕ್ಕ ಬಂದು ನೋಡಿದರು. ಕೊನೆಯ ಸಲ, "ಇಷ್ಟು ಸಾಕು, ಇನ್ನೂ ಇಳಿಸಿದ್ರೆ ಅಪ್ಪನಿಗೆ ಬೇಜಾರಾಗ್ತದೆ" ಎಂದರು. ಎಲ್ಲಿ ಕಲಿತೆ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಈ ಅಕ್ಕ. ಮನುಷ್ಯನ ಚಿತ್ರ ಎಂದರೆ ಮುಖದ ಹೋಲಿಕೆ ಎಂದು ನಂಬಿದ್ದವನಿಗೆ, ಭಾರ ಎಲ್ಲಿ ಬೀಳುತ್ತದೆ ಎಂದು ನೋಡಲು ಕಲಿಸಿದವರು ಅವರು. ಇವತ್ತಿಗೂ ನನ್ನ ಚಿತ್ರಗಳಲ್ಲಿ ಮುಖ ಪೂರ್ತಿ ಕಾಣುವುದು ಕಡಿಮೆ. ಬಗ್ಗಿದವರು, ಬೆನ್ನು ತಿರುಗಿಸಿದವರು, ತಲೆ ಮೇಲೆ ಬುಟ್ಟಿ ಇಟ್ಟವರೇ ಹೆಚ್ಚು. ಹಿನ್ನೆಲೆಯಲ್ಲಿ ಏನೂ ಇಡುವುದಿಲ್ಲ, ಕಾಲಡಿಯ ನೆಲ ಮಾತ್ರ ಬಿಡಿಸುತ್ತೇನೆ. ಭಾರ ಇಳಿಯುವುದು ಅಲ್ಲಿಗೆ.

ಎರಡನೇ ಪಾಠಶಾಲೆ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್. ಮಧ್ಯಾಹ್ನದ ಊಟದ ಹೊತ್ತಲ್ಲಿ ಗುಡ್ಡೆ ಹತ್ತಿ ಹೋಗುತ್ತಿದ್ದೆ. ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಅದರ ಒಳಮೈ ತುಂಬ ಬಿಡಿಸಿದ ಚಿತ್ರಗಳು ಅಲ್ಲಿವೆ. ಗೋಡೆಯ ಮೇಲಿನವು ಫ್ರೆಸ್ಕೊ, ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಫ್ರೆಸ್ಕೊ ಎಂದರೆ ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಾಕಬೇಕು. ಬಣ್ಣ ಗಾರೆಯ ಜೊತೆಗೇ ಗಟ್ಟಿಯಾಗುತ್ತದೆ. ಒಂದು ದಿನದಲ್ಲಿ ಎಷ್ಟು ಬಿಡಿಸಲಿಕ್ಕಾಗುತ್ತದೋ ಅಷ್ಟಕ್ಕೇ ಗಾರೆ ಬಳಿಯುವುದು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಎನಾಮೆಲ್ ಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ತಿದ್ದಿ ಅಭ್ಯಾಸವಾದ ನನಗೆ ಆ ಧೈರ್ಯವೇ ದೊಡ್ಡ ಬೆರಗು.

ಅಲ್ಲಿ ನಾನು ನೋಡುತ್ತಿದ್ದದ್ದು ದೇವದೂತರನ್ನಲ್ಲ, ಪಾದಗಳನ್ನು. ಮಂಡಿಯೂರಿದವರ ಹೆಬ್ಬೆರಳು ಹೇಗೆ ಮಡಚುತ್ತದೆ, ಹಿಮ್ಮಡಿ ಎಷ್ಟು ಮೇಲೇಳುತ್ತದೆ, ಮೊಣಕಾಲಿನಿಂದ ಬಟ್ಟೆಯ ನೆರಿಗೆ ಯಾವ ಕಡೆಗೆ ಎಳೆಯುತ್ತದೆ. ಒಳಗೆ ಕೂತು ನೋಡುವುದು, ಹೊರಗೆ ಬಂದು ಮರದಡಿಯಲ್ಲಿ ನೆನಪಿನಿಂದ ಬಿಡಿಸುವುದು, ಮತ್ತೆ ಒಳಗೆ ಹೋಗಿ ತಾಳೆ ನೋಡುವುದು. ಮೊಸ್ಕೇನಿ ಬೆರ್ಗಾಮೊದ ಅಕಾಡೆಮಿಯಲ್ಲಿ ಕ್ರಮವಾಗಿ ಕಲಿತವರು. ಅವರ ಮೇಷ್ಟ್ರುಗಳು ಅವರಿಗೆ ಹೇಳಿಕೊಟ್ಟದ್ದು ಗೋಡೆಯ ಮೂಲಕ ನನಗೂ ಸಿಕ್ಕಿತು. ಹೀಗಿರುವಾಗ ನಾನು ತಾನಾಗಿ ಕಲಿತವನು ಎಂದು ಎದೆ ತಟ್ಟಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ಗೋಡೆ ಕಲಿಸದೆ ಬಿಟ್ಟದ್ದು ನಮ್ಮವರ ಮೈಬಣ್ಣ. ಅಂಗಡಿಯಲ್ಲಿ ‘ಫ್ಲೆಶ್ ಟಿಂಟ್’ ಎಂಬ ಹೆಸರಿನ ಟ್ಯೂಬು ಸಿಗುತ್ತದೆ, ತೆಳು ಗುಲಾಬಿ. ಅದಕ್ಕೆ ಕಪ್ಪು ಬೆರೆಸಿದೆ. ಚಿತ್ರದಲ್ಲಿದ್ದವರೆಲ್ಲ ಕಾಯಿಲೆ ಬಿದ್ದವರ ಹಾಗೆ ಬೂದಿಯಾದರು. ವರ್ಷಗಟ್ಟಲೆ ಒದ್ದಾಡಿದೆ. ಕಡೆಗೆ ದಾರಿ ತೋರಿಸಿದ್ದು ಬೆಳಗಿನ ದಕ್ಕೆ. ಬೋಟು ಬಂದು ಬಂಗುಡೆ ಸುರಿದಿದ್ದರು. ಒದ್ದೆ ಬಂಗುಡೆಯ ಬೆನ್ನಿನ ಮೇಲೆ ಒಂದು ನೀಲಿ ಹೊಳಪು ಇರುತ್ತದಲ್ಲ, ಬುಟ್ಟಿ ಎತ್ತುತ್ತಿದ್ದವನ ಬೆವರಿದ ಭುಜದ ಮೇಲೂ ಅದೇ ನೀಲಿ. ಎರಡರ ಮೇಲೂ ಬಿದ್ದದ್ದು ಒಂದೇ ಆಕಾಶ. ಕಪ್ಪು ಚರ್ಮದಲ್ಲಿ ಬೆಳಕು ಬಿದ್ದ ಕಡೆ ಬಿಳಿಯಾಗುವುದಿಲ್ಲ, ಆಕಾಶದ ಬಣ್ಣ ಕುಡಿಯುತ್ತದೆ. ನೆರಳಿನ ಕಡೆ ಕೆಂಪು ಉಳಿಯುತ್ತದೆ. ಅವತ್ತಿನಿಂದ ಕಪ್ಪು ಟ್ಯೂಬನ್ನು ಬಿಟ್ಟೆ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಅಲ್ಟ್ರಾಮರೀನ್ ನೀಲಿ, ಚೂರು ಹಳದಿ ಮಣ್ಣಿನ ಬಣ್ಣ: ನನ್ನ ಜನರ ಮೈಯೆಲ್ಲ ಈ ಮೂರರಲ್ಲೇ ಆಗುತ್ತದೆ.

ಫ್ಲೆಕ್ಸ್ ಬಂತು, ಬೋರ್ಡಿನ ಅಂಗಡಿ ಮುಚ್ಚಿತು. ಅಂಗನವಾಡಿಗಳ ಗೋಡೆಗೆ ಆನೆ, ಮೊಲ, ಅ-ಆ-ಇ-ಈ ಬರೆದು ಹೊಟ್ಟೆ ಹೊರೆದೆ. ಒಂದು ಗ್ಯಾಲರಿಯವರು ಚಿತ್ರ ತೆರೆದು ನೋಡುವ ಮೊದಲೇ ಪದವಿಯ ಸರ್ಟಿಫಿಕೇಟ್ ಕೇಳಿ ವಾಪಸ್ ಕಳಿಸಿದರು. ಆ ನೋವು ಬಹಳ ದಿನ ಇತ್ತು. ಕೊನೆಗೆ ಮೊದಲ ಚಿತ್ರ ಮಾರಾಟವಾದದ್ದು ಜನವರಿಯ ಚಿತ್ರಸಂತೆಯಲ್ಲಿ, ಕುಮಾರಕೃಪಾ ರಸ್ತೆಯ ಫುಟ್‌ಪಾತಿನಲ್ಲಿ. ಕೊಂಡವರು ಸರ್ಟಿಫಿಕೇಟ್ ಕೇಳಲಿಲ್ಲ, ಆ ಮೀನು ಮಾರುವ ಹೆಂಗಸು ಯಾವ ಊರಿನವಳು ಎಂದು ಕೇಳಿದರು.

ಶಾಲೆ ಬೇಡ ಎಂದು ನಾನು ಹೇಳುತ್ತಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಗಾರ ಕೆ.ಕೆ. ಹೆಬ್ಬಾರರು ಮುಂಬೈಯ ಜೆ.ಜೆ. ಆರ್ಟ್ ಸ್ಕೂಲಿನಲ್ಲಿ ಕಲಿತರು. ಕುಣಿಯುವವರನ್ನು ಅವರು ಒಂದೇ ಓಟದ ಗೆರೆಯಲ್ಲಿ ಹಿಡಿದಿರುವುದನ್ನು ನೋಡಿದರೆ, ಆ ಕಲಿಕೆ ಎಷ್ಟು ಕೆಲಸ ಮಾಡಿದೆ ಎಂದು ತಿಳಿಯುತ್ತದೆ. ಅಂಥ ನಾಲ್ಕು ವರ್ಷ ನನಗೂ ಸಿಕ್ಕಿದ್ದರೆ ಎಂದು ಈಗಲೂ ಆಸೆಯಾಗುತ್ತದೆ. ಆದರೆ ಸಿಗದವರಿಗೆ ಬಾಗಿಲು ಮುಚ್ಚಿಲ್ಲ ಎಂದು ನನಗೆ ತೋರಿಸಿಕೊಟ್ಟವರು ಬರೋಡಾದ ಭೂಪೇನ್ ಖಖ್ಖರ್ (1934-2003). ಓದಿ ಚಾರ್ಟರ್ಡ್ ಅಕೌಂಟೆಂಟ್ ಆದವರು; ಲೆಕ್ಕ ಬರೆಯುವ ಕೆಲಸ ಮಾಡುತ್ತಲೇ ಚಿತ್ರ ಬರೆದರು, ಬಿಡಿಸಲು ತಾವೇ ಕಲಿತರು. 1972ರಲ್ಲಿ ಅವರು ಬಿಡಿಸಿದ ‘ಜನತಾ ವಾಚ್ ರಿಪೇರಿಂಗ್’ ಚಿತ್ರವನ್ನು ಮೊದಲ ಸಲ ಪುಸ್ತಕದಲ್ಲಿ ನೋಡಿದಾಗ ಮೈ ಜುಮ್ಮೆಂದಿತು. ಹೆಸರೇ ಅಂಗಡಿ ಬೋರ್ಡಿನ ಹಾಗೆ! ನಾನು ದಿನಾ ಏಣಿ ಹತ್ತಿ ಬರೆಯುತ್ತಿದ್ದ ಲೋಕ ಅದು. ಅವರ ಮನುಷ್ಯರ ಕೈಕಾಲು ಅಂಗರಚನೆಯ ಪಾಠದಂತೆ ಇರುವುದಿಲ್ಲ, ಸ್ವಲ್ಪ ಮರಗಟ್ಟಿದ ಹಾಗೆ ಇರುತ್ತವೆ. ಆ ಬಿಗಿತದಲ್ಲೇ ಸಣ್ಣ ಅಂಗಡಿಯವರ ಸಂಕೋಚ, ಒಂಟಿತನ ಎಲ್ಲ ಇದೆ. 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಅವರ ಚಿತ್ರಗಳದ್ದೇ ದೊಡ್ಡ ಪ್ರದರ್ಶನ ನಡೆಯಿತು. ನನ್ನ ಮಟ್ಟಿಗೆ ನಮ್ಮ ದೇಶದಲ್ಲಿ ಸಾಮಾನ್ಯರ ಮೈಯನ್ನು ಅವರಷ್ಟು ಅಕ್ಕರೆಯಿಂದ ನೋಡಿದವರು ಕಡಿಮೆ.

ಈಗ ಬಿಡಿಸುತ್ತಿರುವುದು ಅಮ್ಮನನ್ನು. ನಮ್ಮ ಮನೆ ನಡೆದದ್ದೇ ಅಮ್ಮ ಕಟ್ಟಿದ ಬೀಡಿಯಿಂದ. ಸಂಜೆ ಬೀಡಿ ಬ್ರಾಂಚಿಗೆ ಕಟ್ಟು ಕೊಂಡುಹೋಗಿ ಕೊಡುತ್ತಿದ್ದದ್ದು ನಾನು. ಅಮ್ಮ ಕಾಲು ಚಾಚಿ ಗೋಡೆಗೆ ಒರಗಿ ಕೂರುತ್ತಾಳೆ, ತೊಡೆಯ ಮೇಲೆ ತಡ್ಪೆ ಎಂದರೆ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಈಗ ಕಟ್ಟುವುದನ್ನು ನಿಲ್ಲಿಸಿದ್ದಾಳೆ. ಆದರೂ ಚಿತ್ರಕ್ಕೆ ಕೂರು ಎಂದರೆ ಕೂರುವುದು ಹಾಗೆಯೇ, ಕೈ ಹೋಗುವುದು ಅಲ್ಲಿಗೇ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಲ್ಲದ ಎಲೆಯೊಂದನ್ನು ಹಿಡಿದ ಹಾಗೆ ಸಣ್ಣ ಸಂದು ಇರುತ್ತದೆ. ಆ ಸಂದು ನನಗೆ ಇನ್ನೂ ಸಿಕ್ಕಿಲ್ಲ. ಅಗಲವಾದರೆ ಬೀಡಿ ಬಿದ್ದುಹೋಗುತ್ತದೆ, ಬಿಗಿಯಾದರೆ ಎಲೆ ಹರಿಯುತ್ತದೆ.

ಹೊರಗೆ ಆಟಿ ತಿಂಗಳ, ಅಂದರೆ ಆಷಾಢದ ಹೊತ್ತಿನ, ಮಳೆ. ತೈಲವರ್ಣ ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವಂಥದ್ದು, ಈ ತೇವದಲ್ಲಿ ದಿನಗಟ್ಟಲೆ ಅಂಟಂಟು. ಕ್ಯಾನ್ವಾಸಿನ ಹಿಂಬದಿಗೆ ಬೂಷ್ಟು ಹಿಡಿಯದಂತೆ ಬಲ್ಬು ಉರಿಸಿ ಇಟ್ಟಿದ್ದೇನೆ. ಬೇಗ ಒಣಗಲಿ ಎಂದು ಈ ಸಲ ಮಾತ್ರ ಕೈಯ ನೆರಳನ್ನೆಲ್ಲ ಅಂಬರ್ ಎಂಬ ಕಂದು ಮಣ್ಣಿನ ಬಣ್ಣದಲ್ಲೇ ಹಾಕಿದ್ದೇನೆ, ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಉಳಿದ ಬಣ್ಣಗಳಿಗಿಂತ ಮುಂಚೆ ಒಣಗುತ್ತದೆ. ನಿನ್ನೆ ಅಮ್ಮ ಎದ್ದು ಬಂದು ಚಿತ್ರದ ಹತ್ತಿರ ನಿಂತು ತನ್ನದೇ ಕೈಯನ್ನು ನೋಡಿದಳು. "ಹೆಬ್ಬೆರಳು ಇಷ್ಟು ಮೇಲೆ ಇಟ್ರೆ ತುದಿ ಮಡಿಸುವುದು ಹೇಗೆ ಮಾರಾಯ?" ಎಂದು ಕೇಳಿ, ನನ್ನ ಬ್ರಷ್ಷಿನ ಹಿಡಿಯನ್ನೇ ಬೀಡಿಯ ಹಾಗೆ ಹಿಡಿದು ತೋರಿಸಿದಳು. ಇವತ್ತು ಆ ಹೆಬ್ಬೆರಳನ್ನು ಚಾಕುವಿನಿಂದ ಕೆರೆದು ತೆಗೆದಿದ್ದೇನೆ.